ಅತ್ತೆ ಸೋಪಿನ ನಂಬರು

"ಇದಕ್ಕೆ ಅಪ್ಪ ಯಾರು?"

ಸೂಪರ್ ಮಾರ್ಕೆಟ್ಟಿನ ಮ್ಯಾನೇಜರ್ ನಮ್ಮ ಸೋಪನ್ನು ಸತ್ತ ಇಲಿಯ ಬಾಲ ಹಿಡಿದಂತೆ ಎರಡೇ ಬೆರಳಲ್ಲಿ ಎತ್ತಿ ಹಿಡಿದು ಕೇಳಿದ. ಅತ್ತೆ ಕಕ್ಕಸಿನ ಬ್ರಷ್ಷನ್ನು ಗೋಡೆಗೆ ಒರಗಿಸಿ ಬಂದಿದ್ದಳು. ನಾನು ಪೆಟ್ಟಿಗೆ ಸೊಂಟಕ್ಕೆ ಇಟ್ಟುಕೊಂಡು ನಿಂತಿದ್ದೆ.

"ಅಪ್ಪ ಇಲ್ಲ ಸಾರ್. ನಾವಿಬ್ರು ಹೆಂಗಸ್ರೇ ಮಾಡಿದ್ದು," ಅಂದಳು ಅತ್ತೆ.

ಬಿಲ್ ಹಾಕುವ ಹುಡುಗಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಮ್ಯಾನೇಜರ್‌ಗೆ ಏನೂ ಬರಲಿಲ್ಲ.

"ತಮಾಷೆ ಬೇಡ. ಬಾರ್‌ಕೋಡ್ ಎಲ್ಲಿ? ನಮ್ಮಲ್ಲಿ ಹಲ್ಲುಕಡ್ಡಿಗೂ ಬಾರ್‌ಕೋಡ್ ಇದೆ. ನಂಬರ್ ಇಲ್ಲದ ಮಾಲು ಅಂದ್ರೆ ಅಪ್ಪ ಇಲ್ಲದ ಮಗು. ನಾಳೆ ಯಾರಿಗಾದ್ರೂ ಮೈ ಕೆರೆತ ಬಂದ್ರೆ ನಾನು ಯಾರ ಮನೆ ಬಾಗಿಲು ತಟ್ಲಿ?"

"ನಮ್ಮನೇದೇ ತಟ್ಟಿ. ಇಲ್ಲಿ ಕಕ್ಕಸು ಕಟ್ಟಿಕೊಂಡಾಗೆಲ್ಲ ಹನ್ನೊಂದು ವರ್ಷದಿಂದ ತಟ್ತಾನೇ ಇದ್ದೀರಲ್ಲ."

ಅವನು ಸೋಪನ್ನು ಪೆಟ್ಟಿಗೆಗೆ ಬೀಳಿಸಿ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ. ಸೋಮವಾರದೊಳಗೆ ನಂಬರ್ ತಂದರೆ ಕೆಳಗಿನ ಸಾಲಿನಲ್ಲಿ, ಪೊರಕೆಗಳ ಪಕ್ಕ, ಒಂದು ಮೊಳ ಜಾಗ ಕೊಡುತ್ತೇನೆ ಅಂದ. ತರದಿದ್ದರೆ ಆ ಜಾಗಕ್ಕೆ ಇಲಿ ಪಾಷಾಣ ಬರುತ್ತದಂತೆ.

ಆ ಒಂದು ಮೊಳ ನಮಗೆ ಎಷ್ಟು ದೊಡ್ಡದಾಗಿತ್ತೆಂದು ಅವನಿಗೆ ಗೊತ್ತಿರಲಿಲ್ಲ. "ಸೋಪು ಅಂಗಡಿ ಒಳಗೆ ಹೋದ ದಿನ ನಾನು ಕಕ್ಕಸಿನಿಂದ ಈಚೆಗೆ," ಅಂತ ಅತ್ತೆ ಹೇಳಿಬಿಟ್ಟಿದ್ದಳು. ಬ್ರಷ್ಷು ಹಿಡಿಯುವುದನ್ನು ಅವಳು ನನ್ನ ವಯಸ್ಸಿಗೂ ಮೊದಲೇ ಕಲಿತಿದ್ದಳು. ನಮ್ಮ ಬೀದಿಯಲ್ಲಿ ಹುಟ್ಟಿದವರಿಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ. ಸೋಪನ್ನು ಮಾತ್ರ ನಾವೇ ಕಲಿತದ್ದು. ಎಣ್ಣೆಗೆ ಬೆರೆಸುವ ಕಾಸ್ಟಿಕ್ ನೀರು ಸಿಡಿದು ಅವಳ ಮುಂಗೈ ಮೇಲೆ ಬಿಳಿ ಮಚ್ಚೆಗಳಾಗಿದ್ದವು. ಬೆಳಿಗ್ಗೆ ಎಣ್ಣೆ ಬೆರೆಸಿ, ತಗಡಿನ ಟ್ರೇಗೆ ಸುರಿದು, ಗಟ್ಟಿಯಾದ ಮೇಲೆ ತಂತಿಯಲ್ಲಿ ಕೊಯ್ದು ಆರು ವಾರ ಒಣಗಿಸಬೇಕು. ಇರುವುದು ಒಂದೇ ಕೋಣೆ. ಮಂಚದ ಮೇಲೆ ಸೋಪು, ಮಂಚದ ಕೆಳಗೆ ನಾವು. ಕಂದು ಕಾಗದ ಸುತ್ತಿ ಅದರ ಮೇಲೆ ಮುದ್ರೆ ಒತ್ತುತ್ತಿದ್ದೆ: ಅತ್ತೆ ಸೋಪು. ಸೊಸೆ ಎಲ್ಲಿ ಅಂತ ಬೀದಿಯವರು ಕೇಳಿದರೆ, ನೊರೆ ನೋಡು ಅನ್ನುತ್ತಿದ್ದೆ.

ನಂಬರ್ ಕೊಡುವ ಆಫೀಸು ಲಿಫ್ಟ್ ಇರುವ ಕಟ್ಟಡದಲ್ಲಿತ್ತು. ಒಬ್ಬಳೇ ಹೋದ ನನಗೆ ಲಿಫ್ಟಿನವನು ಮೆಟ್ಟಿಲು ತೋರಿಸಿದ. ಮೇಲೆ ಕೂತಿದ್ದ ಗುಮಾಸ್ತನ ಮಾತು ಮೂಗಿನಿಂದ ಹೊರಟು ಮೂಗಿಗೇ ವಾಪಸಾಗುತ್ತಿತ್ತು.

"ಎಷ್ಟು ಐಟಂ?"

"ಒಂದು ಸಾರ್. ಸೋಪು."

"ಬಿಡಿಯಾಗಿ ಕೊಡಲ್ಲ. ನೂರರ ಕಟ್ಟು ತಗೋಬೇಕು."

"ಇರೋ ಒಂದು ಸೋಪಿಗೆ ನೂರು ನಂಬರ್ ಇಟ್ಕೊಂಡು ಏನ್ ಮಾಡ್ಲಿ ಸಾರ್?"

"ಅದು ನಿನ್ನ ತಲೆನೋವು. ವರ್ಷಾ ವರ್ಷಾ ರಿನ್ಯೂವಲ್ ಬೇರೆ."

"ಕಟ್ಟದಿದ್ರೆ?"

"ನಂಬರ್ ಸಾಯುತ್ತೆ."

ಅವನು ಹೇಳಿದ ಮೊತ್ತ ಅತ್ತೆಯ ಐದು ತಿಂಗಳ ಸಂಬಳ. ಆದರೂ ಬಂದದ್ದಕ್ಕೆ ಫಾರಂ ಆದರೂ ತುಂಬೋಣ ಅಂತ ಅವನ ಪೆನ್ನು ಕೇಳಿ ಇಸಕೊಂಡೆ. ವಿಳಾಸದ ಸಾಲಿನಲ್ಲಿ ನಮ್ಮ ಬೀದಿ ಬರೆದೆ. ಅವನು ಅದನ್ನು ಓದಿದ. ನಾನು ಪೆನ್ನು ಚಾಚಿದೆ.

"ಬೇಡ ಬೇಡ, ನೀನೇ ಇಟ್ಕೋ," ಅಂದ.

ಆ ಆಫೀಸಿನಿಂದ ನಮಗೆ ಪುಕ್ಕಟೆ ಸಿಕ್ಕಿದ್ದು ಅದೊಂದೇ. ಮನೆಗೆ ಬಂದು ಮೂಗು ಹಿಡಿದುಕೊಂಡು ಅವನಂತೆಯೇ ಆಡಿ ತೋರಿಸಿದೆ. ಅತ್ತೆ ನಗಲಿಲ್ಲ. "ಬೋಳಿಮಗ," ಅಂತಷ್ಟೇ ಅಂದು ಪೆನ್ನು ಬರೆಯುತ್ತದೋ ಇಲ್ಲವೋ ಅಂತ ಅಂಗೈ ಮೇಲೆ ಗೀಚಿ ನೋಡಿದಳು.

ಕೊನೆಗೆ ಕೈಹಿಡಿದವನು ಜೆರಾಕ್ಸ್ ಅಂಗಡಿಯವನು. ಅವನು ನಂಬರುಗಳನ್ನು ಎಲ್ಲಿಂದಲೋ ಕಟ್ಟುಗಟ್ಟಲೆ ಕೊಂಡು, ಸಿಗರೇಟಿನಂತೆ ಬಿಡಿಬಿಡಿಯಾಗಿ ಮಾರುತ್ತಿದ್ದ. ಒಂದಕ್ಕೆ ಮೂರು ದಿನದ ಕೂಲಿ.

"ಇಷ್ಟು ಅಗ್ಗ ಯಾಕಣ್ಣ? ಇದರಲ್ಲಿ ಏನಾದ್ರೂ ಕಮ್ಮಿ ಇದೆಯಾ?"

"ಎಣಿಸ್ಕೊ ತಾಯಿ. ಹದಿಮೂರು ಅಂಕಿ. ದೊಡ್ಡ ಕಂಪನಿಗೂ ಹದಿಮೂರೇ."

ಅತ್ತೆ ನಿಜವಾಗಿಯೂ ಎಣಿಸಿದಳು. ಗೆರೆಗಳನ್ನೂ ಎಣಿಸತೊಡಗಿದಾಗ ಅವನು ಕೈಮುಗಿದ. ಮುನ್ನೂರು ಸೋಪಿಗೆ ಬೇಕಾದಷ್ಟು ಚೀಟಿಗಳನ್ನು ಹಾಳೆಗಳ ಮೇಲೆ ಅಚ್ಚು ಹಾಕಿಕೊಟ್ಟ.

ಭಾನುವಾರ ಮಧ್ಯಾಹ್ನವೆಲ್ಲ ನಾವಿಬ್ಬರೂ ನೆಲದ ಮೇಲೆ ಕಾಲು ಚಾಚಿಕೊಂಡು ಕತ್ತರಿಸಿದೆವು. ಒಂದೊಂದು ಚೀಟಿಯಲ್ಲೂ ಗೆರೆಗಳ ಎಡಕ್ಕೆ ಒಂದಿಷ್ಟು, ಬಲಕ್ಕೆ ಒಂದಿಷ್ಟು ಬಿಳಿ ಬಿಟ್ಟಿದ್ದ.

"ಇಷ್ಟಗಲ ಖಾಲಿ ಯಾಕೆ ಬಿಟ್ಟಿದ್ದಾನೆ? ಕಾಗದ ಅವನ ಮಾವನ ಮನೇದಾ?" ಅಂತ ಅತ್ತೆ ಕತ್ತರಿಯನ್ನು ಗೆರೆಯ ಮಗ್ಗುಲಿಗೇ ಹಾಯಿಸಿದಳು. ನಮ್ಮ ಮನೆಯಲ್ಲಿ ಅಂಚು ಅನ್ನುವುದು ಯಾವತ್ತೂ ಕಸಕ್ಕೆ ಹೋದದ್ದಿಲ್ಲ. ಸೋಪಿನ ಚೂರು ಉಂಡೆಯಾಗುತ್ತದೆ, ಬಟ್ಟೆಯ ಅಂಚು ದಾರವಾಗುತ್ತದೆ. ಕತ್ತರಿಸಿ ತೆಗೆದ ಬಿಳಿ ಪಟ್ಟಿಗಳ ಮೇಲೆ ಗುಮಾಸ್ತನ ಪೆನ್ನಿನಿಂದ ತೂಕ, ಬೆಲೆ ಬರೆದು ಸೋಪಿನ ಬೆನ್ನಿಗೆ ಅಂಟಿಸಿದೆ. ಮುಂದೆ, ಕಂದು ಕಾಗದದ ಮೇಲೆ, ಬರೀ ಕಪ್ಪು ಗೆರೆ. ಎಷ್ಟು ಚೊಕ್ಕವಾಗಿತ್ತೆಂದರೆ ಅತ್ತೆ ಒಂದನ್ನು ಕಿಟಕಿಯಲ್ಲಿ ನಿಲ್ಲಿಸಿ ದೂರದಿಂದ ನೋಡಿದಳು.

ಸೋಮವಾರ ಅಂಗಡಿಯಲ್ಲಿ ಜನ ಇದ್ದರು. ಬಿಲ್ ಹಾಕುವ ಹುಡುಗಿ ಮೆಷಿನ್ ಹಿಡಿದಳು. ಕೆಂಪು ಬೆಳಕು ಗೆರೆಗಳ ಮೇಲೆ ಹರಿದಾಡಿತು, ಸದ್ದಿಲ್ಲ. ಎರಡನೆಯದು. ಮೂರನೆಯದು. ಒಂದನ್ನು ಸೆರಗಿನಿಂದ ಒರೆಸಿಕೊಟ್ಟೆ. ಊಹೂಂ.

"ನೋಡಿದ್ರಾ," ಮ್ಯಾನೇಜರ್ ಸಾಲಿನಲ್ಲಿ ನಿಂತವರಿಗೂ ಕೇಳುವಂತೆ ಅಂದ. "ಮೆಷಿನ್‌ಗೂ ಗೊತ್ತಾಗುತ್ತೆ, ಯಾರ ಕೈ ತಾಗಿದೆ ಅಂತ. ಕಕ್ಕಸಲ್ಲಿ ಅದ್ದಿ ತಂದ್ಯೇನಮ್ಮ?"

ಸಾಲಿನಲ್ಲಿ ಮುಂದಿದ್ದ ಹೆಂಗಸು ತನ್ನ ಸಾಮಾನಿನ ಗಾಡಿಯನ್ನು ಒಂದು ಹೆಜ್ಜೆ ಹಿಂದಕ್ಕೆ ಎಳೆದುಕೊಂಡಳು.

ಹುಡುಗಿ ತಲೆ ಎತ್ತದೆ ನನಗಷ್ಟೇ ಹೇಳಿದಳು. "ಅಕ್ಕ, ಗೆರೆಯ ಎರಡೂ ಕಡೆ ಬಿಳಿ ಜಾಗ ಬಿಡ್ಬೇಕಿತ್ತು. ಪಕ್ಕದಲ್ಲಿ ಏನಾದ್ರೂ ತಾಗಿದ್ರೆ ಇದು ಓದಲ್ಲ."

"ಓಹೋ. ಇದಕ್ಕೂ ಯಾರೂ ತಾಗ್ಬಾರದಾ," ಅಂದೆ.

"ಸಾಯಂಕಾಲದೊಳಗೆ ಬಿಳಿ ಕಾಗದದ ಮೇಲೆ ಅಂಟಿಸಿ ತರ್ತೀವಿ ಸಾರ್," ಅತ್ತೆ ಪೆಟ್ಟಿಗೆ ಎತ್ತಿದಳು. "ಮುನ್ನೂರೂ ಕಿತ್ತು ಮಾಡ್ತೀವಿ."

"ಏನೂ ಬೇಡ, ಇಲ್ಲಿ ನೋಡು." ಅವನು ತರಕಾರಿ ತೂಗುವ ಕಡೆ ಹೋಗಿ ಸೋಪನ್ನು ತಕ್ಕಡಿಯ ಮೇಲಿಟ್ಟು ಒಂದು ಗುಂಡಿ ಒತ್ತಿದ. ಯಂತ್ರ ನಾಲಿಗೆಯಂತೆ ಒಂದು ಚೀಟಿ ಚಾಚಿತು. ಅದನ್ನು ನಮ್ಮ ಮುದ್ರೆಯ ಮೇಲೆ, ಅತ್ತೆ ಅನ್ನುವ ಅಕ್ಷರ ಮುಚ್ಚುವಂತೆ ಅಂಟಿಸಿ ತಂದು ಮೆಷಿನ್ ಕೆಳಗೆ ಹಿಡಿದ. ಕುಯ್ಯ್ ಅಂತು.

"ಈಗ ಆಲೂಗಡ್ಡೆ ಅಂತ ಬರುತ್ತೆ. ಆಮೇಲೆ ಸೋಪು ಅಂತ ಬದಲಾಯಿಸ್ತೀನಿ. ಐದು ನಿಮಿಷದ ಕೆಲಸ."

"ಇದು ಮೊದಲಿಂದ್ಲೂ ಇತ್ತಾ ಸಾರ್?" ನಾನು ಕೇಳಿದೆ.

"ಇದು ಅಂಗಡಿ ಒಳಗಿನ ನಂಬರು. ಕಾಸಿಲ್ಲ ಖರ್ಚಿಲ್ಲ."

"ಮತ್ತೆ ನಮ್ಮನ್ನ ಯಾಕೆ ಅಷ್ಟು ಅಲೆಸಿದ್ರಿ?"

"ಅದು ನಿಮ್ಮ ಹೆಸರಲ್ಲಿ ಮಾರೋದಾದ್ರೆ. ಇದು ನಮ್ಮ ಹೆಸರಲ್ಲಿ." ಅವನು ದನಿ ತಗ್ಗಿಸಿದ. "ನಿಮ್ಮ ಕಾಗದ ಕಿತ್ತುಹಾಕಿ. ಅಂಗಡಿ ಕವರ್ ಕೊಡ್ತೀನಿ. ಅರ್ಧ ರೇಟು. ಹಿಂಬಾಗಿಲಲ್ಲಿ ತಂದಿಡಿ."

ಅತ್ತೆ ಪೆಟ್ಟಿಗೆ ಕೆಳಗಿಟ್ಟಳು. "ನನ್ನ ಕೆಲಸ?"

"ನಿನ್ನ ಕೆಲಸಕ್ಕೇನು, ಇದ್ದೇ ಇರುತ್ತಲ್ಲ. ಬಿಡೋ ಹಾಗೇ ಇಲ್ಲ ನೀನು. ಬಿಟ್ರೆ ಇವಳು ಏನು ಮಾಡ್ಕೊಂಡಿದ್ದಾಳೆ ಅಂತ ಜನ ಕೇಳ್ತಾರೆ. ಕಕ್ಕಸಲ್ಲೇ ಇದ್ರೆ ಸೋಪು ನಿಂದು ಅಂತ ಯಾರಿಗೂ ಅನುಮಾನ ಬರಲ್ಲ."

ಅತ್ತೆ ಸೋಪನ್ನು ಅವನ ಕೈಯಿಂದ ತೆಗೆದುಕೊಂಡಳು. ಕಂದು ಕಾಗದ ಹರಿಯದಂತೆ, ಉಗುರಿನ ತುದಿಯಿಂದ, ಆ ಚೀಟಿಯನ್ನು ನಿಧಾನವಾಗಿ ಬಿಡಿಸಿದಳು. ಆಮೇಲೆ ಅದನ್ನು ಅವನ ಅಂಗಿಯ ಜೇಬಿನ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿ ಒತ್ತಿ ಅಂಟಿಸಿದಳು. ಹನ್ನೊಂದು ವರ್ಷದಲ್ಲಿ ಅವಳು ಅವನನ್ನು ಮುಟ್ಟಿದ್ದು ಅದೇ ಮೊದಲು. ಅವನಿಗೆ ಹಿಂದೆ ಸರಿಯಬೇಕೆಂದೂ ಹೊಳೆಯಲಿಲ್ಲ.

"ಹಿಡಿ ಮಗಳೇ ಮೆಷಿನ್ನು."

ಹುಡುಗಿಯ ಕೈ ತಾನಾಗಿ ಎದ್ದಿತು. ಕೆಂಪು ಬೆಳಕು ಅವನ ಎದೆಯ ಮೇಲೆ ಬಿತ್ತು. ಕುಯ್ಯ್.

"ಏನು ಬಂತು?"

"ಆಲೂಗಡ್ಡೆ." ಹುಡುಗಿ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ನೂರು ಗ್ರಾಂ."

"ಅಷ್ಟೇನಾ," ಅಂದಳು ಅತ್ತೆ.

ಸಾಲಿನಲ್ಲಿ ಯಾರೂ ನಗಲಿಲ್ಲ. ಅವನು ಚೀಟಿ ಕಿತ್ತುಕೊಳ್ಳುವಷ್ಟರಲ್ಲಿ ನಾವು ಪೆಟ್ಟಿಗೆಯ ಎರಡು ತುದಿ ಹಿಡಿದು ಮುಂಬಾಗಿಲಿನಿಂದ ಆಚೆ ಬಂದಿದ್ದೆವು. ಬೈಗುಳ ಗಾಜಿನ ಬಾಗಿಲು ದಾಟಿ ಬಂತು. "ನಾಳೆಯಿಂದ ಬರ್ಬೇಡ ಮುಂಡೇ" ಅನ್ನುವುದೂ ಅದರಲ್ಲಿತ್ತು.

ರಸ್ತೆಯ ಆಚೆ ಬಸ್ ನಿಲ್ಲುವ ಕಡೆ ಕಲ್ಲಿನ ಕಟ್ಟೆ ಇದೆ. ಅದರ ಮೇಲೆ ಪೆಟ್ಟಿಗೆ ಬಿಚ್ಚಿದೆವು. ಅತ್ತೆ ಕೂಗಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

"ಸೋಪು, ಅತ್ತೆ ಸೋಪು. ಕಕ್ಕಸು ತೊಳೆಯೋಳ ಕೈಯಲ್ಲಿ ಮಾಡಿದ ಸೋಪು."

ಬಸ್ಸು ಬಂತು. ಇಳಿದವರು ಒಂದು ಕ್ಷಣ ನಿಂತು, ಮುಖ ನೋಡಿ, ದಾರಿ ಬದಲಿಸಿ ಹೋದರು. ಒಂದೂ ಮಾರಲಿಲ್ಲ. ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡಳು, ಕಟ್ಟೆಯ ಮೇಲೆ ಹತ್ತಿ ನಿಂತಳು, ಮೊದಲಿಗಿಂತ ಜೋರಾಗಿ ಕೂಗಿದಳು.