ಕಿತ್ತಳೆ ಸುಲಿದ ಕೈ

ಟಕ್.

ಎಚ್ಚರವಾಯಿತು. ಆ ಸದ್ದು ನನಗೆ ಚೆನ್ನಾಗಿ ಗೊತ್ತು. ಬೆರಳಿಗೆ ಸೂಜಿ ಚುಚ್ಚುವ ಪೆನ್ನಿನದು. ಆದರೆ ಈ ಮನೆಯಲ್ಲಿ ಶುಗರ್ ಇರುವುದು ನನಗೊಬ್ಬಳಿಗೇ. ಪಕ್ಕದಲ್ಲಿ ಗಂಡನ ದಿಂಬು ಖಾಲಿಯಿತ್ತು.

ಈಚೆಗೆ ಪರೀಕ್ಷೆಯ ಸ್ಟ್ರಿಪ್‌ಗಳು ಬೇಗ ಮುಗಿಯುತ್ತಿದ್ದವು. ನಾನೇ ಎರಡೆರಡು ಸಲ ಚುಚ್ಚಿಕೊಂಡು ಮರೆಯುತ್ತಿದ್ದೇನೆ, ಕಾಯಿಲೆ ತಲೆಗೂ ಏರಿತು ಎಂದು ಒಳಗೊಳಗೇ ಬೇಯುತ್ತಿದ್ದೆ. ಬಾಯಿಬಿಟ್ಟು ಕೇಳಿರಲಿಲ್ಲ. ಶುಗರ್ ಮಾತೆತ್ತಿದರೆ ಸಾಕು, "ನಿನ್ನ ಹಿಂದೆ ಇರುವೆ ಸಾಲು ಬರುತ್ತೆ ಕಣೇ" ಎಂದು ಇವರು ನಗುತ್ತಿದ್ದರು.

ಅಡುಗೆಮನೆಯಲ್ಲಿ ಇವರು ಕಲ್ಲಿನಂತೆ ಕೂತಿದ್ದರು. ಮುಂದೆ ನನ್ನ ಶುಗರ್ ನೋಡುವ ಮಷೀನು. ಅದರಲ್ಲಿ ಮುನ್ನೂರ ಹನ್ನೆರಡು.

"ಸ್ಟ್ರಿಪ್ ಖಾಲಿ ಮಾಡ್ತಿದ್ದಿದ್ದು ನೀವೇನಾ?"

"ನಿಂಗೆ ಬಂದಾಗಿಂದ ನಂಗೂ ಭಯ ಹತ್ಕೊಂಡಿದೆ. ಸ್ವಲ್ಪ ಬಾಯಾರಿದ್ರೂ ಬಂತು ಅನ್ಸುತ್ತೆ. ಇಷ್ಟು ದಿನ ಸರಿಯಾಗೇ ಇತ್ತು. ಇವತ್ತು ನೋಡು." ಮಷೀನನ್ನು ನನ್ನತ್ತ ತಳ್ಳಿದರು. "ಮುಗೀತು ಕಣೇ ನನ್ನ ಕಥೆ."

ಸದ್ಯ, ನನ್ನದು ಮರೆವಲ್ಲ. ಎದೆ ಹಗುರಾಯಿತು. ಆಮೇಲೆ ಇನ್ನೂ ಹಗುರಾಯಿತು: ಇನ್ನು ತಟ್ಟೆಯ ಮುಂದೆ ನಾನೊಬ್ಬಳೇ ಅಳೆದು ಉಣ್ಣಬೇಕಿಲ್ಲ. ಕಾಲು ಜೋಮು ಹಿಡಿದರೆ ಬೆಚ್ಚಿಬೀಳುವವರು ಇನ್ನೊಬ್ಬರಿದ್ದಾರೆ.

ಆಗ ಇವರ ಮೊಣಕೈ ಬಳಿ ಕಿತ್ತಳೆ ಸಿಪ್ಪೆ ಕಂಡಿತು.

ಮೊದಮೊದಲು ನಾನೂ ಹೀಗೇ ಮೋಸಹೋಗಿದ್ದೆ. ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹೇಳದೆ ನಿಂತೆ. ಇವರು ತಲೆಯೆತ್ತಿ ನನ್ನನ್ನೇ ನೋಡಿದರು, ನಾನು ಡಾಕ್ಟರನ್ನು ನೋಡುವ ಹಾಗೆ. ತಡೆಯಲಾಗಲಿಲ್ಲ.

"ಹಣ್ಣು ಸುಲಿದು ಕೈ ತೊಳೆದ್ರಾ?"

"ಇಲ್ಲ. ಯಾಕೆ?"

"ಮಷೀನು ತೋರಿಸ್ತಿರೋದು ಬೆರಳಿಗೆ ಅಂಟಿರೋ ಹಣ್ಣಿನ ಸಕ್ಕರೆ ರೀ. ಸೋಪು ಹಾಕಿ ತೊಳೀರಿ. ಇನ್ನೊಂದು ಬೆರಳು ಕೊಡಿ."

ಟಕ್. ನೂರ ಹದಿನೆಂಟು.

"ಶುಗರ್ ಬಂದಿರೋದು ಕಿತ್ತಳೆಗಾ!" ಇವರಿಗೆ ನಗು ತಡೆಯಲಾಗಲಿಲ್ಲ. "ಮಕ್ಕಳಿಗೆ ಹೇಳ್ಬೇಡ ಮತ್ತೆ, ಮಾನ ಹೋಗುತ್ತೆ."

"ಹೇಳಲ್ಲ ಬಿಡಿ."

ಮಲಗಿದೊಡನೆ ಇವರ ಗೊರಕೆ ಶುರುವಾಯಿತು. ನಾನು ಕತ್ತಲಲ್ಲಿ ಎದ್ದು ಕೂತು ಕಾಲ್ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡೆ. ಎಲ್ಲಕ್ಕೂ ಸ್ಪರ್ಶ ತಿಳಿಯಿತು. ಮತ್ತೊಮ್ಮೆ ಮುಟ್ಟಿದೆ.

ಇವರ ಪರೀಕ್ಷೆಯ ವಿಷಯ ಮಕ್ಕಳಿಗೆ ಹೇಳುವುದಿಲ್ಲ. ಸಿಪ್ಪೆ ಕಂಡ ಮೇಲೂ ನಾನು ಸುಮ್ಮನೆ ನಿಂತಿದ್ದನ್ನು ಯಾರಿಗೂ ಹೇಳುವುದಿಲ್ಲ, ಇವರಿಗೂ.