ಗಾದಿಯೊಳಗೆ ಸಿಕ್ಕ ಸರ

ಹಾಶಿಮ ಜೈಲು ಸೇರಿ ಇಪ್ಪತ್ತೊಂದು ದಿನವಾಗಿತ್ತು. ಅಷ್ಟೂ ದಿನ ಅವನ ಹೆಂಡತಿ ಹಸೀನಾ ಆಂಟಾಪ್ ಹಿಲ್‌ನ ಖೋಲಿಯಿಂದ ಠಾಣೆಗೆ, ಠಾಣೆಯಿಂದ ಕೋರ್ಟಿಗೆ ತಿರುಗಿದ್ದಳು. ಈಗ ಸಿಟ್ಟು ಮಾಡಿಕೊಳ್ಳುವಷ್ಟೂ ತ್ರಾಣ ಉಳಿದಿರಲಿಲ್ಲ. ಕೋರ್ಟಿನ ಮೆಟ್ಟಿಲ ಮೇಲೆ ಗೋಡೆಗೊರಗಿ ಕೂತಿದ್ದಳು. ಅಲ್ಲಾಹ್ ಕೊಟ್ಟ ದಿನ, ಇದನ್ನೂ ದಾಟಬೇಕು, ಅಷ್ಟೆ.

ಹಾಶಿಮ ವಿಜಯಪುರದ ಕಡೆಯ ನದಾಫ. ಚೆಂಬೂರಿನ ಬಿಲ್ಡಿಂಗುಗಳಲ್ಲಿ ಹಳೆಯ ಗಾದಿ ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ಹಿಂಜಿ, ಮತ್ತೆ ತುಂಬಿ ಹೊಲಿಯುವುದು ಅವನ ಕಸಬು. ಆವತ್ತು ಒಂದು ಮನೆಯ ಕೆಲಸ ಮುಗಿಸಿ ಹೊರಟಾಗ ಗೇಟಿನ ವಾಚ್‌ಮನ್ ರೂಢಿಯಂತೆ ಚೀಲ ತಡಕಿದ. ಬಟ್ಟೆಯಲ್ಲಿ ಸುತ್ತಿದ ಚಿನ್ನದ ಸರ ಸಿಕ್ಕಿತು. ಆ ಮನೆಯ ಸೊಸೆ ಸೋನಾಲಿ ಕೆಳಗಿಳಿದು ಬಂದು, ಇದು ನಮ್ಮ ಅತ್ತೆಯ ಸರ ಎಂದು ಪೊಲೀಸರನ್ನು ಕರೆಸಿದಳು. ಹಾಶಿಮ ಬಿಚ್ಚಿ ಹೊಲಿದದ್ದು ಆ ಅತ್ತೆಯ ಗಾದಿಯನ್ನೇ; ಅವರು ಆಗ ಬಾಂದ್ರಾದ ಮಗಳ ಮನೆಯಲ್ಲಿದ್ದರು. ಕದ್ದಿಲ್ಲ ಎಂದನೇ ಹೊರತು, ಸರ ಎಲ್ಲಿ ಸಿಕ್ಕಿತೆಂದು ಹಾಶಿಮ ಬಾಯಿ ಬಿಡಲಿಲ್ಲ.

ಯಾಕೆಂದು ಹಸೀನಾಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಗಾದಿಯ ಹೊಟ್ಟೆಯಲ್ಲಿ ಸಿಕ್ಕಿದ್ದನ್ನು ಅದರ ಮೇಲೆ ಮಲಗುವವರ ಕೈಗೇ ಕೊಡಬೇಕು, ಅವರು ಸಿಗುವವರೆಗೆ ಜೋಪಾನವಾಗಿ ಇಟ್ಟುಕೊಳ್ಳಬೇಕು, ಇನ್ನೊಬ್ಬರೆದುರು ಸುದ್ದಿ ಎತ್ತಬಾರದು. ಮಾವ ಮಗನಿಗೆ ಕೆಲಸದ ಜೊತೆಗೇ ಕಲಿಸಿದ ನೇಮ ಅದು. ಗಂಡ, ಮಗ, ಸೊಸೆ ಯಾರಿಗೂ ಕಾಣದಂತೆ ಹೆಂಗಸರು ಒಂದಿಷ್ಟು ಬಚ್ಚಿಡುವುದು ಅಲ್ಲೇ ಅಲ್ಲವೇ?

ಮೈದುನ ರಿಯಾಜ ಒಬ್ಬ ವಕೀಲನನ್ನು ಕರೆತಂದ. ಕಿಶೋರ ಎಂದು ಹೆಸರು. ಕರಿಕೋಟು ಹೆಗಲ ಮೇಲಿತ್ತು, ಕಣ್ಣು ಮೊಬೈಲಿನ ಮೇಲೆ.

"ದೇಖೋ ಭಾಬಿ, ಇವತ್ತು ಜಡ್ಜ್ ಸಾಹೇಬ್ರು ಕೇಳ್ತಾರೆ, ಗುನ್ಹಾ ಕಬೂಲಾ, ತಪ್ಪು ಒಪ್ಕೋತೀಯಾ ಅಂತ. ಹ್ಞೂ ಅಂದ್ರೆ, ಒಳಗಿದ್ದ ದಿನಾನೇ ಶಿಕ್ಷೆ ಅಂತ ಬರೀತಾರೆ. ಸಂಜೆಗೆ ಮನೆ. ಖತಂ."

"ಆಮ್ಯಾಲ ಅವರನ್ನ ಯಾರ್ ಒಳಗ ಬಿಟ್ಕೋತಾರ್ರಿ? ಕಳ್ಳ ನದಾಫನ ಕೈಯಾಗ ಗಾದಿ ಕೊಡ್ತಾರೇನು?"

"ಭಾಬಿ, ಮೊದಲ ಅಣ್ಣ ಹೊರಗ ಬರ್ಲಿ!" ರಿಯಾಜ ರೇಗಿದ. "ಮರ್ಯಾದಿ ಆಮ್ಯಾಲ ನೋಡೂಣು. ಅವ ಒಳಗ ಅರ್ಧ ಆಗ್ಯಾನ."

ಗಂಡ ಅರ್ಧವಾದದ್ದು ಹಸೀನಾಳಿಗೆ ಕಂಡಿರಲಿಲ್ಲವೇ?

ಅಷ್ಟರಲ್ಲಿ ವಿಮಲಾ ಬಂದರು. ಮೈಸೂರು ಕಡೆಯ ವಕೀಲರು. ಹಸೀನಾ ಅಡುಗೆ ಮಾಡುವ ಮನೆಯವರು ಹೇಳಿಕಳಿಸಿದ್ದರು. ಕಿಶೋರನ ಮಾತನ್ನೆಲ್ಲ ಕೇಳಿ, "ಅವರು ಹೇಳಿದ್ದು ಸುಳ್ಳಲ್ಲಮ್ಮ, ಸಂಜೆ ಬಿಡಬಹುದು" ಎಂದರು. "ನಾನು ವಾದ ಮಾಡಿದ್ರೆ ಜಾಮೀನಿಗೇ ವಾರ ಹಿಡಿಯತ್ತೆ, ಕೇಸು ವರ್ಷಗಟ್ಟಲೆ ನಡೆಯತ್ತೆ. ಅದೂ ನಿಮ್ಮೆಜಮಾನ್ರು ನಿಜ ಹೇಳಿದ್ರೆ ಮಾತ್ರ."

ಒಬ್ಬ ಸಂಜೆಯನ್ನು ಕೊಡುವವನು, ಒಬ್ಬರು ವರ್ಷಗಳನ್ನು. ಹಸೀನಾ ಕಣ್ಣು ಮುಚ್ಚಿ ಬಿಸ್ಮಿಲ್ಲಾ ಎಂದಳು. "ನೀವ ಬರ್ರಿ, ಅಕ್ಕಾರ. ಹೂಂ ಅನ್ನೂದು, ಒಲ್ಲೆ ಅನ್ನೂದು ಅವರ ಬಾಯಿಂದನ ಬರ್ಲಿ."

ಕೋರ್ಟಿನ ಲಾಕಪ್ಪಿನ ಸರಳುಗಳ ಹಿಂದೆ ಹಾಶಿಮ ನಿಂತಿದ್ದ. ಗಡ್ಡ ಬೆಳೆದಿತ್ತು. ವಿಮಲಾ ಕೇಳಿದ್ದಕ್ಕೆಲ್ಲ ತಲೆ ತಗ್ಗಿಸಿದ.

"ನೋಡಪ್ಪಾ, ನೀನು ಹೇಳಿದ್ದನ್ನ ನಿನ್ನ ಒಪ್ಪಿಗೆ ಇಲ್ಲದೆ ಜಡ್ಜ್ ಮುಂದೂ ಹೇಳೋ ಹಾಗಿಲ್ಲ ನಾನು. ನಮ್ಮ ಕೆಲಸದ ಕಟ್ಟುಪಾಡು ಅದು."

ಹಾಶಿಮ ಮೊದಲ ಸಲ ಮುಖವೆತ್ತಿದ. "ನಿಮ್ಮ ಕಸಬಿನಾಗೂ ಹಂಗ ಐತೇನ್ರಿ?"

"ಹೂಂ."

ಹಸೀನಾ ತಾನಾಗಿಯೇ ನಾಲ್ಕು ಹೆಜ್ಜೆ ದೂರ ಸರಿದು ನಿಂತಳು. ಅವನು ಪಿಸುಮಾತಿನಲ್ಲಿ ಹೇಳಿದ. ಕೊನೆಯ ಮಾತು ಮಾತ್ರ ಅವಳಿಗೂ ಕೇಳಿಸಿತು: "ಮೊದಲ ಆ ತಾಯಿನ್ನ ಕೇಳ್ರಿ. ಬ್ಯಾಡಂದ್ರ ಬಿಟ್ಟುಬಿಡ್ರಿ."

ಮಧ್ಯಾಹ್ನ ಅವನ ಹೆಸರು ಕೂಗಿದರು. ಗುನ್ಹೆ ಕಬೂಲಾ ಎಂದು ಸಾಹೇಬರು ಕೇಳಿದರು. "ನಾಹೀ, ಸಾಹೇಬ್" ಎಂದ ಹಾಶಿಮ. ಹದಿನಾಲ್ಕು ದಿನಕ್ಕೆ ಮುಂದಿನ ತಾರೀಖು ಬಿತ್ತು. ಹುಚ್ಚ ಎಂದು ಬೈಯುತ್ತ ರಿಯಾಜ ಹೊರಗೆ ಹೋದ. ಅವನ ಕಣ್ಣು ತೇವವಾಗಿತ್ತು.

ಸಂಜೆ ವಿಮಲಾ, ಹಸೀನಾ ಲೋಕಲ್ ರೈಲು ಹಿಡಿದು ಬಾಂದ್ರಾಕ್ಕೆ ಹೋದರು. ಸೋನಾಲಿಯ ಅತ್ತೆ ಇನ್ನೂ ಮಗಳ ಮನೆಯಲ್ಲೇ ಇದ್ದರು; ಆ ಮುದುಕಿಯೇ ಬಾಗಿಲು ತೆರೆದರು. ಮಗಳು ಆಫೀಸಿನಿಂದ ಬಂದಿರಲಿಲ್ಲ. ನದಾಫನ ಹೆಂಡತಿ ಎಂದು ತಿಳಿದೊಡನೆ ಅವರ ಕೈ ಬಾಗಿಲ ಚೌಕಟ್ಟು ಹಿಡಿಯಿತು. ಹಿಂದಿಯಲ್ಲಿ ಕೇಳಿದರು: "ಅವನು ಯಾರಿಗೆಲ್ಲ ಹೇಳಿದ?"

"ವಕೀಲರಿಗೆ ಅಷ್ಟೇ, ಆಜಿ. ಅದೂ ಇವತ್ತು," ಹಸೀನಾಳೂ ಹಿಂದಿಯಲ್ಲೇ ಹೇಳಿದಳು. "ನನಗೂ ಹೇಳಿಲ್ಲ."

"ಇಷ್ಟು ದಿನ ಪೊಲೀಸರಿಗೂ ಹೇಳಲಿಲ್ಲವಾ?"

"ಇಲ್ಲ."

ಮುದುಕಿ ಒಳಗೆ ಹೋಗಿ ಕುರ್ಚಿಯ ಮೇಲೆ ಕೂತರು. ಎಲ್ಲೋ ಕಳೆದುಹೋಯಿತೆಂದು ಮಗನಿಗೆ ಹೇಳಿ ಬಚ್ಚಿಟ್ಟ ಸರವಂತೆ. ನಿಜ ಹೇಳಿದರೆ ಮನೆಯಲ್ಲಿ ಮುಖವೆತ್ತುವುದು ಹೇಗೆಂದು ಸುಮ್ಮನಿದ್ದರಂತೆ. ಹಸೀನಾಳಿಗೆ ಅವರನ್ನು ಬೈಯಬೇಕೆನಿಸಲಿಲ್ಲ. ದಣಿದ ಇನ್ನೊಂದು ಹೆಂಗಸು, ಅಷ್ಟೇ ಕಂಡದ್ದು.

"ಮಗನಿಗೆ ನಾನೇ ಮೊದಲು ಹೇಳುತ್ತೇನೆ" ಎಂದರು ಮುದುಕಿ. ಆಮೇಲೆ ವಿಮಲಾ ಕಡೆ ತಿರುಗಿದರು. "ಕೋರ್ಟಿಗೆ ಯಾವತ್ತು ಬರಬೇಕು?"