ಜೂನ್ ಒಂದು

ಮೂವತ್ತಾರು ವರ್ಷ ಸರ್ಕಾರಿ ಶಾಲೆಯಲ್ಲಿ ದುಡಿದ ಸುಮಿತ್ರಾಬಾಯಿ ನಿವೃತ್ತಿಯಾದ ಮೇಲಾದರೂ ಕಾಲು ಚಾಚಿ ಕೂಡಬಹುದಿತ್ತು. ಕೂಡಲಿಲ್ಲ. ವಾಡಿ ಊರಿನ ಹೊರಗೆ, ಫರಸಿ ಕಲ್ಲು ಪಾಲಿಶ್ ಮಾಡುವ ಶೆಡ್ಡುಗಳ ಹಿಂದೆ, ಬರ್ಮಾದಿಂದ ಓಡಿಬಂದವರ ಮಕ್ಕಳಿಗೆಂದು ಹೈದರಾಬಾದಿನ ಒಂದು ದಾನದ ಸಂಸ್ಥೆ ತೆರೆದ ಶಾಲೆಯನ್ನು ತಾವಾಗಿಯೇ ಹೆಗಲಿಗೆ ಹಾಕಿಕೊಂಡರು. ಐದು ವರ್ಷವಾಯಿತು. ಈಗ ಮೊಣಕಾಲು ನೋಯುತ್ತದೆ, ಮಳೆ ಬಂದರೆ ತಗಡು ಸೋರುತ್ತದೆ, ಸಂಸ್ಥೆಯವರು ಮೂರು ತಿಂಗಳಿಗೊಮ್ಮೆ ‘ಹೆಣ್ಣುಮಕ್ಕಳು ನಗುತ್ತಿರುವ ಫೋಟೊ ಕಳಿಸಿ’ ಎಂದು ಬರೆಯುತ್ತಾರೆ. ನಗುವುದಕ್ಕೆ ಮೊದಲು ಹೆಣ್ಣುಮಕ್ಕಳು ಇರಬೇಕಲ್ಲ! ಹನ್ನೆರಡು ತುಂಬುವುದೇ ತಡ, ಒಬ್ಬೊಬ್ಬಳೇ ತಮ್ಮನನ್ನು ಸೊಂಟಕ್ಕೆ ಏರಿಸಿಕೊಂಡು ಮನೆಯಲ್ಲೇ ಉಳಿದುಬಿಡುತ್ತಾಳೆ.

ದೊಡ್ಡವರಲ್ಲಿ ಉಳಿದವಳು ಸೆತಾರಾ ಒಬ್ಬಳೇ. ಆ ಶಾಲೆಯಿಂದ ಹತ್ತನೆಯ ಪರೀಕ್ಷೆಗೆ ಕಟ್ಟಿದ ಮೊದಲ ಹುಡುಗಿ. ಅವಳ ಅಪ್ಪ ಅಮೀರ್ ಅಲಿ ಕಡ್ಡಿ ಮುರಿದಂತೆ ಹೇಳಿದ್ದ: ಈ ಮಾರ್ಚಿನ ಪರೀಕ್ಷೆಯ ತನಕ ಮಾತ್ರ ಓದು. ತಪ್ಪಿದರೆ ಹೈದರಾಬಾದಿನ ಚಿಕ್ಕಪ್ಪನ ಮನೆ, ಹೊಲಿಗೆ ಕೆಲಸ.

ಅಂಥ ಹುಡುಗಿಯ ಅರ್ಜಿಯೇ ವಾಪಸ್ ಬಂತು. ಸುಮಿತ್ರಾಬಾಯಿ ಚಿತ್ತಾಪುರದ ಶಿಕ್ಷಣ ಕಚೇರಿಗೆ ಓಡಿದರು. ಅಲ್ಲಿ ಮೇಜಿನ ಹಿಂದೆ ಕುಳಿತಿದ್ದ ಗುಮಾಸ್ತ ಜಟ್ಟೆಪ್ಪ ಒಂದು ಕಾಲದಲ್ಲಿ ಅವರ ಕೈಯಲ್ಲೇ ಅಕ್ಷರ ತಿದ್ದಿದವನು.

“ಕುಂದ್ರಿ ಅಕ್ಕೋರೆ. ಹುಡುಗಿಗಿ ಮಾರ್ಚಿಗಿ ಹದಿನೈದು ತುಂಬಂಗಿಲ್ರಿ. ಮೂರು ತಿಂಗಳು ಕಮ್ಮಿ ಬೀಳ್ತದ. ನಿಮ್ಮ ದಾಖಲಾತಿ ಪುಸ್ತಕದಾಗ ಜೂನ್ ಒಂದು ಅಂತ ಅದ.”

“ಅದು ನಾನೇ ಬರ್ದಿದ್ದಪ್ಪಾ.”

“ಗೊತ್ತದ್ರಿ. ನಂದೂ ನೀವೇ ಬರ್ದೀರಿ. ನಮ್ಮ ಕ್ಲಾಸಿನಾಗ ಅರ್ಧ ಮಂದಿ ಒಂದೇ ದಿನ ಹುಟ್ಟೀವಿ, ಒಂದೇ ದಿನ ರಿಟೈರ್ ಆಗ್ತೀವಿ.”

ಈ ಕಡೆಯ ಮಾಸ್ತರರ ರೂಢಿಯೇ ಅದು. ತಂದೆತಾಯಿಗೆ ತಾರೀಖು ನೆನಪಿರುವುದಿಲ್ಲ, ಶಾಲೆ ಜೂನಿನಲ್ಲಿ ಶುರುವಾಗುತ್ತದೆ, ಜೂನ್ ಒಂದು ಎಂದು ಗೀಚಿದರೆ ಮಗು ಒಳಗೆ ಬಂತು. ಯಾರಿಗೂ ನಷ್ಟವಿಲ್ಲ ಎಂದೇ ಸುಮಿತ್ರಾಬಾಯಿ ಇಷ್ಟು ವರ್ಷ ನಂಬಿದ್ದರು. ಚೀಲದಿಂದ ಸೆತಾರಾಳ ನಿರಾಶ್ರಿತರ ಕಾರ್ಡು ತೆಗೆದು ಮುಂದಿಟ್ಟರು. ಅದರಲ್ಲಿ ಅದೇ ವರ್ಷದ ಜನವರಿ ಒಂದು! ಅದನ್ನು ಬರೆದವರೂ ಈ ಮಾಸ್ತರರ ಅಣ್ಣತಮ್ಮಂದಿರೇ ಇರಬೇಕು.

“ಎರಡು ಕಾಗದ, ಎರಡು ತಾರೀಖು,” ಎಂದ ಜಟ್ಟೆಪ್ಪ. “ಕೇಳದೇ ಬರ್ದೀನಿ, ತಪ್ಪು ನಂದು ಅಂತ ನೀವು ಸಹಿ ಮಾಡಿ ಕೊಟ್ರ ಕಾರ್ಡಿನ ತಾರೀಖು ಹಿಡೀತೀವಿ. ನಾಳಿಗಿ ಕಡೀ ದಿನ. ಆದ್ರ ಅಕ್ಕೋರೆ, ಆಮ್ಯಾಲ ಸಾಹೇಬ್ರು ಉಳಿದ ಮಕ್ಕಳ ದಾಖಲೇನೂ ತರಸ್ತಾರ, ನೋಡ್ರಿ.”

ಉಳಿದ ಮೂವತ್ತೊಂಬತ್ತು ಮಕ್ಕಳೂ ಜೂನ್ ಒಂದೇ. ಸುಮಿತ್ರಾಬಾಯಿಗೆ ಸಾಕುಸಾಕೆನಿಸಿತು.

ಸಂಜೆ ಸೆತಾರಾಳ ಮನೆಗೆ ಹೋದರು. ತಾಯಿ ರೊಕೇಯಾ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. “ಈಕಿ ಯಾವಾಗ ಹುಟ್ಯಾಳವ್ವಾ?” ಎಂದು ಕೇಳಿದರು, ಉತ್ತರದ ಆಸೆ ಇಲ್ಲದೆ.

ರೊಕೇಯಾಳ ಕೈ ನಿಂತಿತು. ಕಲ್ಲಿನ ಶೆಡ್ಡಿನಲ್ಲಿ ಕಲಿತ ಕನ್ನಡದಲ್ಲಿ ತಡವರಿಸದೆ ಹೇಳಿದಳು: “ಬಕ್ರೀದ್ ಮರುದಿನ ಅಕ್ಕೋರೆ. ನಸಕಿನ್ಯಾಗ ಫಜರ್ ಬಾಂಗ್ ಆಗಿತ್ರಿ. ಭಾಳ ಥಂಡಿ. ನಮ್ಮಣ್ಣಂದು ಶಾದಿ ಆದ ವರ್ಷ. ಕಾರ್ಡ್ ಮಾಡೋರು ಕೇಳ್ಲಿಲ್ಲ. ನೀವೂ ಕೇಳ್ಲಿಲ್ಲ.”

ಅವಳ ದನಿಯಲ್ಲಿ ದೂರಿರಲಿಲ್ಲ. ಅದಕ್ಕೇ ಸುಮಿತ್ರಾಬಾಯಿಗೆ ಹೆಚ್ಚು ನಾಚಿಕೆಯಾಯಿತು. ಸೆತಾರಾ ಅಪ್ಪನ ಮೊಬೈಲಿನಲ್ಲಿ ಆ ವರ್ಷದ ಬಕ್ರೀದ್ ಹುಡುಕಿ, ಬೆರಳು ಮಡಿಚಿ ಕೂಗಿದಳು: “ಡಿಸೆಂಬರ್ ಹತ್ತು! ಅಕ್ಕೋರೆ, ನಂದು ಡಿಸೆಂಬರ್ ಹತ್ತು!”

ಮರುದಿನ ಅವರೂ ಸೆತಾರಾಳೂ ಚಿತ್ತಾಪುರಕ್ಕೆ ಹೋದರು. ಡಿಸೆಂಬರ್ ಹತ್ತು ಎಂದೇ ಬರೆದುಕೋ ಎಂದು ಸುಮಿತ್ರಾಬಾಯಿ ಜಟ್ಟೆಪ್ಪನಿಗೆ ಹೇಳಿ ನೋಡಿದರು.

“ಕಾಗದ ಅದ ಏನ್ರಿ?”

“ಅವ್ವ ಅದಾಳ.”

“ಅವ್ವನ ಬಾಯಿಮಾತಿಗಿ ಸಿಕ್ಕಾ ಹೊಡ್ಯಾಕ ಬರಂಗಿಲ್ಲ ಅಕ್ಕೋರೆ,” ಎಂದ ಜಟ್ಟೆಪ್ಪ, ತಲೆ ತಗ್ಗಿಸಿ.

ಸುಮಿತ್ರಾಬಾಯಿ ಪೆನ್ನು ತೆಗೆದರು. ‘ತಾಯಿಯನ್ನು ಕೇಳದೆ ಜೂನ್ ಒಂದು ಎಂದು ನಾನೇ ಬರೆದಿದ್ದೇನೆ. ತಪ್ಪು ನನ್ನದು.’ ಅಷ್ಟು ಖರೆ. ಅದರ ಕೆಳಗೆ, ‘ಕಾರ್ಡಿನಲ್ಲಿರುವಂತೆ ಜನವರಿ ಒಂದು ಎಂದು ತಿದ್ದಬೇಕಾಗಿ ವಿನಂತಿ.’ ಒಂದು ಸುಳ್ಳನ್ನು ಹೊಡೆದು ಹಾಕಿ ಇನ್ನೊಂದನ್ನು ಕೂರಿಸಿದ್ದಾಯಿತು. ಜಟ್ಟೆಪ್ಪ ಅದರ ಮೇಲೆ ಸಿಕ್ಕಾ ಒತ್ತಿದ. ಸೆತಾರಾ ಪರೀಕ್ಷೆಗೆ ಕೂಡಬಹುದು.

ವಾಡಿಯ ಬಸ್ಸಿನಲ್ಲಿ ಹುಡುಗಿ ತನ್ನ ಕಾರ್ಡನ್ನು ತಿರುವಿ ತಿರುವಿ ನೋಡಿದಳು. ಆಮೇಲೆ ಕೇಳಿದಳು: “ಅಕ್ಕೋರೆ, ನೀವು ಹುಟ್ಟಿದ್ದು ಯಾವಾಗ್ರಿ?”

“ಜೂನ್ ಒಂದು.”

ಸೆತಾರಾ ಫಕ್ಕನೆ ನಕ್ಕುಬಿಟ್ಟಳು. ಸಂಸ್ಥೆಯವರು ಕೇಳುವ ಫೋಟೊದಲ್ಲಿ ಒಮ್ಮೆಯೂ ಹಾಗೆ ನಕ್ಕಿರಲಿಲ್ಲ. “ಹಂಗಾದ್ರ ನೀವೂ ನಿಮ್ಮವ್ವಗ ಕೇಳ್ರಲ್ಲ.”

ಸುಮಿತ್ರಾಬಾಯಿಯ ತಾಯಿ ಕೊನೆಯ ಇಪ್ಪತ್ತು ವರ್ಷ ಮಗಳ ಮನೆಯಲ್ಲೇ ಇದ್ದರು. ದಿನಾ ಸಂಜೆ ಎದುರುಬದುರು ಕೂತು ಚಹಾ ಕುಡಿದದ್ದು ಎಷ್ಟು ಸಲವೋ. ಬೇಳೆಯ ದರದಿಂದ ಏಕಾದಶಿಯ ಫಲಾಹಾರದ ತನಕ ಎಲ್ಲ ಮಾತು ಆಗಿದೆ. ಇದೊಂದನ್ನು ಕೇಳಿರಲಿಲ್ಲ. ತಾಯಿ ಹೋಗಿ ಮೂರು ವರ್ಷ. ಅವರು ಕಿಟಕಿಯ ಸರಳು ಹಿಡಿದುಕೊಂಡರು.

“ಅಕ್ಕೋರೆ?”

“ನಾಳಿ ಮುಂಜಾನಿ ಜಲ್ದಿ ಬಾ,” ಎಂದರು ಸುಮಿತ್ರಾಬಾಯಿ. “ಮೂವತ್ತೊಂಬತ್ತು ಮಂದಿ ಮನಿಗಿ ಹೋಗೋದದ. ಅವ್ವಂದಿರು ಇರೂತನ ಕೇಳಿ ಬರಕೊಂಡು ಬಿಡಮು.”